ಉಪ್ಪಿನ ಹೇರಿನಿಂದ ಮೋಟಾರು ಮನೆಯವರೆಗೆ

ಹಾಸಿಗೆ, ಒಲೆ, ನೀರಿನ ತೊಟ್ಟಿಗಳೆಲ್ಲವನ್ನೂ ಒಡಲಲ್ಲಿಟ್ಟುಕೊಂಡು, ಸಾಕಿದ ನಾಯಿಗಳನ್ನೂ ಜೊತೆಗೆ ಕೂರಿಸಿಕೊಂಡು, ಕಾರವಾರದಿಂದ ಕುಂದಾಪುರದವರೆಗೆ ಕಡಲಿನ ಅಂಚನ್ನೇ ಹಿಡಿದು ಸಾಗುವ ಮೋಟಾರು ಮನೆಗಳು ಈಚಿನ ವರ್ಷಗಳಲ್ಲಿ ನಮ್ಮ ಕರಾವಳಿಯ ಹೆದ್ದಾರಿಯಲ್ಲಿ ಆಗೊಮ್ಮೆ ಈಗೊಮ್ಮೆ ಕಣ್ಣಿಗೆ ಬೀಳತೊಡಗಿವೆ. ಕಂಡವರು ಇದನ್ನು ಪಾಶ್ಚಾತ್ಯರ ಹೊಸ ವಿಲಾಸವೆಂದು ಭಾವಿಸುವುದು ಸಹಜವೇ. ಆದರೆ ಶಿಕಾರಿಪುರ, ಸೊರಬಗಳ ಸೀಮೆಯಲ್ಲಿ ಬಾಳುವವರಿಗೆ ಹಾಗೆ ತೋರಬಾರದು. ಏಕೆಂದರೆ ಸಂಸಾರವನ್ನೂ ಎತ್ತುಗಳನ್ನೂ ನಾಯಿಗಳನ್ನೂ ಒಡಗೊಂಡು ನಾಡಿನಿಂದ ನಾಡಿಗೆ ನಡೆಯುವುದನ್ನೇ ತಲೆಮಾರುಗಳ ಕಾಲ ಜೀವನವೃತ್ತಿಯನ್ನಾಗಿ ಮಾಡಿಕೊಂಡಿದ್ದ ಲಂಬಾಣಿ ಜನಾಂಗದ ಸಂತತಿಯವರು ನಮ್ಮ ಊರುಗಳ ಸುತ್ತಲಿನ ತಾಂಡಾಗಳಲ್ಲಿ ಇಂದಿಗೂ ನೆಲಸಿದ್ದಾರೆ. ಅವರು ಸಂತನೆಂದು ಪೂಜಿಸುವ ಸೇವಾಲಾಲರು 1739ರಲ್ಲಿ ಜನಿಸಿದರೆಂದು ನಂಬಲಾಗುವ ಸೂರಗೊಂಡನಕೊಪ್ಪವು ನಮ್ಮ ನೆರೆಯ ನ್ಯಾಮತಿ ತಾಲ್ಲೂಕಿನಲ್ಲಿಯೇ ಇದೆ.

ಪೀಟರ್ ಮಂಡಿ ಎಂಬ ಆಂಗ್ಲ ಪ್ರವಾಸಿಯು 1632ರಲ್ಲಿ ಉತ್ತರ ಹಿಂದೂಸ್ಥಾನದಲ್ಲಿ ಧಾನ್ಯ ಹೇರಿದ 14,000 ಎತ್ತುಗಳ ತಾಂಡಾವೊಂದನ್ನು ಕಂಡು, ಹೆಂಡಿರು ಮಕ್ಕಳು ಮನೆಯ ಸರಕುಗಳೆಲ್ಲವೂ ಅದರೊಡನೆಯೇ ಸಾಗುತ್ತಿದ್ದುದನ್ನು ಬರೆದಿಟ್ಟಿದ್ದಾನೆ. 1791-92ರಲ್ಲಿ ಶ್ರೀರಂಗಪಟ್ಟಣದ ಮೇಲೆ ನಡೆದುಬಂದ ಕಾರ್ನ್‌ವಾಲಿಸನ ಸೇನೆಗೆ ಅನ್ನ ಒದಗಿದುದು ಬಹುಮಟ್ಟಿಗೆ ಈ ಜನರ ಎತ್ತುಗಳ ಬೆನ್ನಿನ ಮೇಲಿನಿಂದಲೇ. ಒಳ್ಳೆಯ ರಸ್ತೆಗಳಿಲ್ಲದ ಬೆಟ್ಟಕಾಡುಗಳ ಸೀಮೆಯಲ್ಲಿ ಇವರು ದೊಡ್ಡ ದೊಡ್ಡ ಎತ್ತಿನ ಹಿಂಡುಗಳೊಡನೆ ಧಾನ್ಯವನ್ನು ಸಾಗಿಸುತ್ತಿದ್ದರೆಂದು ಬಿ. ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರ್ ಹೇಳುತ್ತದೆ. ಅಂತಹ ಸೀಮೆಯೆಂದರೆ ನಮ್ಮ ಮಲೆನಾಡೇ ಸರಿ.

ಮಳೆ ನಿಂತು ಘಟ್ಟದ ಹಾದಿ ಗಟ್ಟಿಯಾದ ಬಳಿಕವೇ ಈ ಧಾನ್ಯ, ಉಪ್ಪುಗಳ ವ್ಯಾಪಾರಕ್ಕೆ ಕಾಲ. ಉಪ್ಪಿಗೆ ನೀರು ಸೋಕಿದರೆ ಮೂಲಧನವೇ ಕರಗಿಹೋಗುತ್ತದೆಯಲ್ಲವೇ! ಮೇಲುನಾಡಿನ ಧಾನ್ಯ ಕೆಳಗಿಳಿದು, ಗೋಕರ್ಣದ ಬಳಿಯ ಸಾಣಿಕಟ್ಟಾದಂತಹ ಆಗರಗಳ ಉಪ್ಪು ಮೇಲೇರುತ್ತಿತ್ತು. ಕೊರಳಿಗೆ ಗಂಟೆ ಕಟ್ಟಿ, ಕೊಂಬು ನೆತ್ತಿಗಳಿಗೆ ಕವಡೆಯ ಸಾಲುಗಳನ್ನು ತೊಡಿಸಿದ ಮುಂದಾಳು ಎತ್ತು ಹಾದಿ ತೋರುತ್ತಿದ್ದರೆ, ಮಿಕ್ಕ ಹೇರೆತ್ತುಗಳು ಬೆನ್ನಿನ ಎರಡು ಮಗ್ಗುಲಿಗೂ ಸಮತೂಕದ ಚೀಲಗಳನ್ನು ತೂಗುಹಾಕಿಕೊಂಡು ಅದರ ನಾದವನ್ನೇ ಅನುಸರಿಸುತ್ತಿದ್ದವು. ಸಂಜೆ ಬಿಡಾರ ಬಿಟ್ಟಾಗ ಇಳಿಸಿದ ಚೀಲಗಳನ್ನೇ ಒಂದರ ಮೇಲೊಂದು ಅಡಕಿ ಕೋಟೆಯಂತೆ ಸುತ್ತುಗೋಡೆ ಕಟ್ಟಿ, ಒಳಗೆ ಹೆಂಗಸರು ಮಕ್ಕಳು ಎತ್ತುಗಳು ವಿಶ್ರಮಿಸಲು, ಹೊರಗಡೆ ನಾಯಿಗಳನ್ನು ಬಿಡುತ್ತಿದ್ದರು. ಹುಲಿ ಚಿರತೆಗಳಿದ್ದ ಕಾಡಿನಲ್ಲಿ ಆ ನಾಯಿ ವಿನೋದಕ್ಕಾಗಿ ಸಾಕಿದ ಪ್ರಾಣಿಯಾಗಿರಲಿಲ್ಲ. ಇರುಳಿನ ಕಾವಲೆಲ್ಲ ಅದರದೇ. ನಮ್ಮ ಮುಧೋಳದ ನೀಳಕಾಲಿನ ಬೇಟೆನಾಯಿಯನ್ನು ಭಾರತದ ಕೆನಲ್ ಕ್ಲಬ್ಬಿನವರು ಕ್ಯಾರವಾನ್ ಹೌಂಡ್ ಎಂದೇ ದಾಖಲಿಸಿರುವುದರಲ್ಲಿ ಸಾರ್ಥವಾಹರಿಗೂ ನಾಯಿಗಳಿಗೂ ಇದ್ದ ಹಳೆಯ ನಂಟಿನ ನೆನಪು ಉಳಿದಿದೆ.

ಈ ಬದುಕು ತಾನಾಗಿ ಮುಗಿಯಲಿಲ್ಲ. ಧಾರವಾಡ ಸೀಮೆಯ ಹತ್ತಿಯನ್ನು ಕುಮಟೆಯ ಬಂದರಿಗೆ ಇಳಿಸುವ ಸಲುವಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ ಘಟ್ಟಗಳಲ್ಲಿ ಗಾಡಿರಸ್ತೆಗಳಾದುವು. ತರುವಾಯ ರೈಲು ಬಂದಿತು, 1899ರಲ್ಲಿ ಶಿವಮೊಗ್ಗೆಯನ್ನೂ ಮುಟ್ಟಿತು. ಉಪ್ಪಿನ ಮೇಲೆ ಸರ್ಕಾರದ ತೆರಿಗೆ ಬಿಗಿಯಾಯಿತು. ಇವೆಲ್ಲಕ್ಕಿಂತ ಹೆಚ್ಚು ಕ್ರೂರವಾದುದೆಂದರೆ, ಬ್ರಿಟಿಷ್ ಸರ್ಕಾರವು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಊರೂರು ಅಲೆಯುವುದನ್ನೇ ಸಂಶಯಾಸ್ಪದವನ್ನಾಗಿಸಿದುದು. ನಿನ್ನೆಯವರೆಗೆ ಸೈನ್ಯಗಳಿಗೆ ಅನ್ನವಿತ್ತ ನಡಿಗೆಯನ್ನು ಇಂದು ಠಾಣೆಯ ಪುಸ್ತಕದಲ್ಲಿ ಬರೆಯಿಸುವ ಅವಮಾನಕ್ಕೆ ಗುರಿಮಾಡಿದ ಆ ಶಾಸನವನ್ನು ನೆನೆದಾಗಲೆಲ್ಲ ಮನಸ್ಸು ಕುದಿಯುತ್ತದೆ. ಸ್ವಾತಂತ್ರ್ಯಾನಂತರ, 1952ರಲ್ಲಿ ಅದು ರದ್ದಾಯಿತು; ಅಷ್ಟರೊಳಗೆ ತಾಂಡಾಗಳು ನಿಂತಲ್ಲೇ ನೆಲೆನಿಂತಿದ್ದುವು.

ಹಿಂದೂಸ್ಥಾನದಲ್ಲಿ ಈ ಸಂಚಾರ ಕುಂಠಿತವಾಗುತ್ತಿದ್ದ ಕಾಲದಲ್ಲಿಯೇ ಇಂಗ್ಲೆಂಡಿನಲ್ಲಿ ಅದು ವಿಹಾರದ ರೂಪವನ್ನು ತಾಳಿತು. ಭಾಷಾಶಾಸ್ತ್ರಜ್ಞರು ಭಾರತದ ನುಡಿಗಳೊಡನೆ ಬಂಧುತ್ವವನ್ನು ಸಾಧಿಸಿ ತೋರಿಸಿರುವ ರೊಮಾನಿ ನುಡಿಯನ್ನಾಡುವ ಜಿಪ್ಸಿಗಳು ಅಲ್ಲಿ ಚಕ್ರಗಳ ಮೇಲಿನ ಮನೆಗಳಲ್ಲಿ ಬಾಳುತ್ತಿದ್ದರು. ಅದನ್ನು ಕಂಡು ಮನಸೋತ ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾದಳದ ನಿವೃತ್ತ ವೈದ್ಯ 1885ರಲ್ಲಿ ತನಗೊಂದು ಗಾಡಿಮನೆಯನ್ನು ಕಟ್ಟಿಸಿ, ‘ವಾಂಡರರ್’ ಎಂದು ಹೆಸರಿಟ್ಟು, ಎರಡು ಕುದುರೆಗಳನ್ನು ಹೂಡಿ ಸ್ಕಾಟ್ಲೆಂಡಿನ ಇನ್ವರ್‌ನೆಸ್‌ವರೆಗೆ ಪಯಣಿಸಿದನು. ಸಾರಥಿಯೊಬ್ಬ, ಎದುರು ಬರುವ ವಾಹನಗಳನ್ನು ಎಚ್ಚರಿಸಲು ಮೂರು ಗಾಲಿಯ ಸೈಕಲ್ಲನ್ನೇರಿ ಮುಂದೆ ಸಾಗುವ ಸೇವಕನೊಬ್ಬ, ಹರಿಕೇನ್ ಬಾಬ್ ಎಂಬ ಭಾರಿ ನ್ಯೂಫೌಂಡ್‌ಲೆಂಡ್ ನಾಯಿ, ಪಾಲಿ ಎಂಬ ಗಿಳಿ, ಇವರು ಆತನ ಪರಿವಾರ. ವಿಹಾರಕ್ಕೆಂದೇ ನಿರ್ಮಿತವಾದ ಗಾಡಿಮನೆಗಳಿಗೆ ಅದೇ ಆದಿಯೆಂದು ಅಲ್ಲಿಯವರು ಎಣಿಸುತ್ತಾರೆ. ಕುದುರೆಯ ಸ್ಥಾನಕ್ಕೆ ಮೋಟಾರು ಬರಲು ಬಹಳ ಕಾಲ ಬೇಕಾಗಲಿಲ್ಲ. ಅಮೆರಿಕದ ಕಾದಂಬರಿಕಾರ ಸ್ಟೈನ್‌ಬೆಕ್ 1960ರಲ್ಲಿ ಚಾರ್ಲಿಯೆಂಬ ತನ್ನ ನಾಯಿಯೊಡನೆ ಮನೆ ಹೊತ್ತ ಟ್ರಕ್ಕಿನಲ್ಲಿ ದೇಶವನ್ನೆಲ್ಲ ಸುತ್ತಿ ಬರೆದ ಪುಸ್ತಕ ಜಗತ್ಪ್ರಸಿದ್ಧವಾಗಿದೆ.

ಅದೇ ಪದ್ಧತಿ ಸಾಗರಗಳನ್ನು ದಾಟಿ ಈಗ ನಮ್ಮಲ್ಲಿಗೆ ಬಂದಿದೆ. ಶಿಕಾರಿಪುರದಿಂದ ಹೊರಡುವವರಿಗೆ ಶಿರಾಳಕೊಪ್ಪ, ಸೊರಬ, ಸಿದ್ಧಾಪುರಗಳನ್ನು ಹಾದು ಕುಮಟೆಗಿಳಿಯುವ ಹಾದಿಯೇ ಸೊಗಸು. ಶಿರಾಳಕೊಪ್ಪದ ಬಗಲಲ್ಲೇ ಇರುವ ಬಳ್ಳಿಗಾವೆ, ವರ್ತಕಸಂಘಗಳ ಹೆಸರುಗಳನ್ನು ಶಾಸನಗಳಲ್ಲಿ ಕಾಪಾಡಿಕೊಂಡಿರುವ ಪುರಾತನ ಪಟ್ಟಣ. ಕುಮಟೆಯಿಂದ ದಕ್ಷಿಣಕ್ಕೆ ತಿರುಗಿದರೆ ಹೊನ್ನಾವರದಲ್ಲಿ ಶರಾವತಿಯ ಸಂಗಮ, ಮುಂದೆ ಮುರುಡೇಶ್ವರ, ಇನ್ನೂ ಮುಂದೆ ಒಂದು ಪಕ್ಕಕ್ಕೆ ಕಡಲೂ ಮತ್ತೊಂದು ಪಕ್ಕಕ್ಕೆ ಸೌಪರ್ಣಿಕೆಯೂ ಇರುವ ಮರವಂತೆಯ ಅಸದೃಶವಾದ ರಸ್ತೆ.

ಆದರೆ ನಾಯಿಗಳನ್ನು ಕರೆದೊಯ್ಯುವವರು ಎರಡು ಸಂಗತಿಗಳನ್ನು ತಿಳಿದಿರಬೇಕು. ಮಂಗನ ಕಾಯಿಲೆ ಮೊದಲು ಪತ್ತೆಯಾದುದು 1957ರಲ್ಲಿ, ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿಯೇ. ಅದನ್ನು ಹರಡುವ ಉಣುಗುಗಳು ಹೆಚ್ಚುವುದು ಮಳೆ ಕಳೆದು ಬೇಸಗೆಯವರೆಗೆ, ಎಂದರೆ ಪ್ರವಾಸದ ಕಾಲದಲ್ಲಿಯೇ. ಆದುದರಿಂದ ಸಿದ್ಧಾಪುರದ ಕಾಡಿನಂಚಿನಲ್ಲಿ ನಾಯಿಯನ್ನು ಪೊದೆಗಳೊಳಗೆ ಬಿಡಲಾಗದು. ಕಿವಿಯ ಹಿಂದೆ, ಬೆರಳುಗಳ ಸಂದಿನಲ್ಲಿ ಉಣುಗು ಹುಡುಕದೆ ಅದನ್ನು ಹಾಸಿಗೆಯ ಬಳಿಗೆ ಬಿಟ್ಟುಕೊಳ್ಳಲೂಬಾರದು. ಇನ್ನೊಂದು, ಅದೇ ಚಳಿಗಾಲದ ಇರುಳುಗಳಲ್ಲಿ ಹೊನ್ನಾವರ, ಕುಂದಾಪುರಗಳ ಮರಳಿಗೆ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ನಾಯಿಗಳ ಮೂಗಿಗೆ ಆ ಗೂಡು ಕ್ಷಣಮಾತ್ರದಲ್ಲಿ ದೊರೆಯುತ್ತದೆ, ಅಗೆದರೆ ಒಂದು ಸಂತತಿಯೇ ನಾಶ. ಕಡಲ ದಂಡೆಯ ಮೇಲೆ ನಾಯಿಯ ಹಗ್ಗ ಕೈಯಲ್ಲಿರಲೇಬೇಕು.

ಕೇರಳವು 2021ರಲ್ಲಿ ಈ ಮೋಟಾರು ಮನೆಗಳಿಗಾಗಿ ಪ್ರತ್ಯೇಕ ನೀತಿಯನ್ನೇ ರೂಪಿಸಿ, ಅವು ತಂಗುವ ಬಿಡಾರದ ತಾಣಗಳಿಗೆ ಉತ್ತೇಜನವಿತ್ತಿತು. ನಮ್ಮ ಸೀಮೆಯಲ್ಲಿಯೂ ಅಂತಹ ತಾಣ ಆಗುವುದಾದರೆ ಅದು ಶಿಕಾರಿಪುರದ ತಾಂಡಾವೊಂದರ ಮಗ್ಗುಲಲ್ಲಿ, ತಾಂಡಾದವರ ಒಡೆತನದಲ್ಲಿಯೇ ಆಗಬೇಕೆಂಬುದು ನನ್ನ ಅಭಿಪ್ರಾಯ. ಸಮತಟ್ಟಾದ ಎರಡೆಕರೆ ನೆಲ, ಕುಡಿಯುವ ನೀರು, ವಿದ್ಯುತ್ತು, ಮಲಿನಜಲಕ್ಕೊಂದು ಮುಚ್ಚಿದ ಗುಂಡಿ, ನಾಯಿಗಳು ಓಡಾಡಲು ಬೇಲಿ ಹಾಕಿದ ಅಂಗಳ: ಇಷ್ಟಕ್ಕೆ ಮಹತ್ತರವಾದ ಬಂಡವಾಳವೇನೂ ಬೇಕಾಗದು, ಮತ್ತು ಬಿಡಾರ ಹೂಡಿಸುವ ವಿದ್ಯೆಯನ್ನು ಅವರಿಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಾಗಿಯೂ ಇಲ್ಲ.