ಹಲಗೆಯ ಮೇಲೆ ಆನೆ, ಒಲೆಯ ಮೇಲೆ ಏನು?

ಮೈಸೂರು ನೋಡಲು ಬಂದವರು ಅರಮನೆ, ಮೃಗಾಲಯ ಸುತ್ತಿ ಹೊರಡುವ ಮುನ್ನ ಯಾವುದಾದರೂ ಅಂಗಡಿಯ ಗೋಡೆಯತ್ತ ಕಣ್ಣು ಹಾಯಿಸುವುದುಂಟು. ಅಲ್ಲಿ ಬೀಟೆ ಹಲಗೆಯ ಕಾಡಿನಲ್ಲಿ ಒಂಟಿ ಸಲಗ ನಿಂತಿರುತ್ತೆ. ಪಕ್ಕದಲ್ಲಿ ನೀರಿಗಿಳಿದ ಜಿಂಕೆ ಹಿಂಡು, ಗರಿ ಬಿಚ್ಚಿದ ನವಿಲು. 'ಪೇಂಟಿಂಗ್ ಚೆನ್ನಾಗಿದೆ' ಅಂತಾರೆ. ಸ್ವಾಮಿ, ಅದು ಪೇಂಟಿಂಗ್ ಅಲ್ಲ. ಹಳೇ ಪದ್ಧತಿಯ ಕೆಲಸವಾದರೆ ಅದರಲ್ಲಿ ಬಣ್ಣದ ಒಂದು ತೊಟ್ಟೂ ಇರೋದಿಲ್ಲ!

ಮರವೇ ಬಣ್ಣ

ಇದು ಇನ್‌ಲೇ ಕೆಲಸ. ಹಳದಿ ಬೇಕೆಂದರೆ ಹಲಸು, ಕಂದು ಬೇಕೆಂದರೆ ತೇಗ, ತಿಳಿ ಬಿಳುಪಿಗೆ ರಬ್ಬರ್ ಮರ. ಆನೆಯ ಮೈಗೆ ಒಂದು ಮರ, ಕಾಲಡಿಯ ಮಣ್ಣಿಗೆ ಇನ್ನೊಂದು. ಕೆರೆಯ ಅಲೆಯನ್ನೂ ಸಂಜೆಯ ಮೋಡವನ್ನೂ ಮರದ ಎಳೆಯಲ್ಲೇ ಹುಡುಕಬೇಕು.

ಮೊದಲು ಕಾಗದದ ಮೇಲೆ ಚಿತ್ರ. ಆಮೇಲೆ ಸಣ್ಣ ಗರಗಸದಲ್ಲಿ ಚೂರು ಚೂರಾಗಿ ಕೊಯ್ಯುವುದು, ಬೀಟೆ ಹಲಗೆಯಲ್ಲಿ ಗುಳಿ ತೋಡಿ ಅಂಟಿನಿಂದ ಕೂರಿಸುವುದು, ಉಜ್ಜುವುದು. ಆನೆಯ ಕಣ್ಣಂಚಿನ ಸುಕ್ಕು ಮೂಡುವುದು ಕೊನೆಗೆ. ಮಂಡಿ ಮೊಹಲ್ಲಾದ ಗಲ್ಲಿಗಳಲ್ಲಿ, ಕತ್ತಲೆ ಕೋಣೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಕಸುಬು.

ದಂತ ಹೋಯಿತು

ಹಿಂದೆ ಹಲಗೆಯ ಆನೆಗೆ ನಿಜವಾದ ದಂತವೇ ಇರುತ್ತಿತ್ತು. ಅರಮನೆಯ ಅಂಬಾವಿಲಾಸದಲ್ಲಿ ಬೀಟೆಗೆ ದಂತ ಕೂರಿಸಿದ ಬಾಗಿಲನ್ನು ಈಗಲೂ ನೋಡಬಹುದು. 1972ರಲ್ಲಿ ವನ್ಯಜೀವಿ ಕಾಯಿದೆ ಬಂತು. 1977ರಲ್ಲಿ ಆನೆ ಅದರ ಮೊದಲ ಪಟ್ಟಿಗೆ ಸೇರಿತು. 1986ರ ತಿದ್ದುಪಡಿ ನಮ್ಮ ದೇಶದ ದಂತದ ವ್ಯಾಪಾರ ನಿಲ್ಲಿಸಿತು. 1991ರದ್ದು ಹೊರಗಿನಿಂದ ಬರುತ್ತಿದ್ದ ದಂತದ ಬಾಗಿಲನ್ನೂ ಮುಚ್ಚಿತು.

ಆನೆ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಕಾಡಿನಲ್ಲೇ ಆನೆ ಇಲ್ಲದ ಮೇಲೆ ಹಲಗೆಯ ಮೇಲೆ ಇದ್ದರೇನು? ಆದರೆ ದಂತದ ಜಾಗಕ್ಕೆ ಬಿಳೀ ಪ್ಲಾಸ್ಟಿಕ್ ಬಂತು. ಕೈಚಳಕ ಅದೇ, ಶ್ರಮ ಅದೇ. 'ಪ್ಲಾಸ್ಟಿಕ್ಕಾ?' ಎಂದು ಗಿರಾಕಿ ಮೂಗು ಮುರಿದರೆ ಬೆಲೆ ಇಳಿಸಬೇಕಾದವನು ಮಾತ್ರ ಕಸುಬುದಾರ.

ಮರಕ್ಕೂ ಪರ್ಮಿಟ್ಟು

ಮುಂದಿನ ಸರದಿ ಬೀಟೆಯದು. 2017ರ ಜನವರಿಯಿಂದ ಬೀಟೆ ಜಾತಿಯ ಮರಗಳೆಲ್ಲ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಬಿದ್ದವು. ಹೊರದೇಶಕ್ಕೆ ಮಾಲು ಹೋಗಬೇಕೆಂದರೆ ಕಾಗದಪತ್ರ. ದೊಡ್ಡ ವ್ಯಾಪಾರಿಗಾದರೆ ಗುಮಾಸ್ತ ಇದ್ದಾನೆ. ಗರಗಸ ಹಿಡಿದು ಕೂತವನಿಗೆ ಯಾರಿದ್ದಾರೆ? 2019ರಲ್ಲಿ, ಒಂದು ಪಾರ್ಸೆಲ್ಲಿಗೆ 10 ಕಿಲೋ ತನಕ ಸಿದ್ಧವಸ್ತು ಕಳಿಸಲು ಸಡಿಲಿಕೆ ಸಿಕ್ಕಿತು. ಅಬ್ಬಾ ಎನ್ನುವಷ್ಟರಲ್ಲಿ 2020ರ ಮಾರ್ಚಿ ಬಂತು, ಕೊರೋನಾ ಬಂತು.

ಅರಮನೆಗೆ ಬೀಗ, ಮೃಗಾಲಯಕ್ಕೆ ಬೀಗ. ಪ್ರವಾಸಿ ಬರಲಿಲ್ಲ ಅಂದ್ರೆ ಚಿತ್ರ ಕೊಳ್ಳೋರು ಯಾರು? ಹಲಗೆಯ ಆನೆ ಮನುಷ್ಯನ ಊಟದ ಪಟ್ಟಿಯಲ್ಲಿಲ್ಲ. ಕಷ್ಟಕಾಲದಲ್ಲಿ ಜನ ಮೊದಲು ಕೈಬಿಡುವ ಖರ್ಚೇ ಅದು. ಆ ವರ್ಷವೂ ಮರುವರ್ಷವೂ ದಸರಾ ಅರಮನೆಯ ಗೋಡೆಯೊಳಗೇ ಮುಗಿಯಿತು. 2022ರಲ್ಲಿ ಜಂಬೂಸವಾರಿಯ ಆನೆ ಮತ್ತೆ ಬೀದಿಗೆ ಬಂತು. ಅಷ್ಟರೊಳಗೆ ಸಾಲ ಮಾಡಿದವನ ಬಡ್ಡಿ ಮಾತ್ರ ನಿಂತಿರಲಿಲ್ಲ.

ಹೆಸರಿಲ್ಲದ ಚಿತ್ರಗಾರ

2005-06ರ ಸಾಲಿನಲ್ಲಿ 'ಮೈಸೂರು ಬೀಟೆ ಇನ್‌ಲೇ' ಎಂಬ ಹೆಸರಿಗೆ ಭೌಗೋಳಿಕ ಸೂಚ್ಯಂಕದ ಮುದ್ರೆ ಬಿತ್ತು. ಸಂತೋಷ. ಊರಿನ ಹೆಸರಿಗೆ ರಕ್ಷಣೆಯಾಯಿತು. ಕೈಗೆ? ಬಣ್ಣದ ಚಿತ್ರ ಬರೆದವನು ಮೂಲೆಯಲ್ಲಿ ಸಹಿ ಹಾಕ್ತಾನೆ. ವಾರಗಟ್ಟಲೆ ಕಣ್ಣು ಸವೆಸಿ ಸಲಗವನ್ನು ನಿಲ್ಲಿಸಿದವನ ಹೆಸರು ಎಷ್ಟು ಹಲಗೆಗಳ ಮೇಲಿದೆ, ನೀವೇ ಹೋಗಿ ನೋಡಿ.

ಕೇಳುವುದು ದೊಡ್ಡದೇನಲ್ಲ. ಇಲಾಖೆಯ ಡಿಪೋದಲ್ಲಿ ಲಾರಿಗಟ್ಟಲೆ ಹರಾಜು ಹಿಡಿಯಲು ಆಗದವನಿಗೆ ನ್ಯಾಯವಾದ ದರದಲ್ಲಿ ಸಣ್ಣ ತುಂಡು ಸಿಗಲಿ. ರಫ್ತಿನ ನಿಯಮವನ್ನು ಕನ್ನಡದಲ್ಲಿ, ಉರ್ದುವಿನಲ್ಲಿ ತಿಳಿಸಿ ಹೇಳುವ ಒಬ್ಬ ಮನುಷ್ಯ ಇರಲಿ. ಹಲಗೆಯ ಹಿಂದೆ ಮಾಡಿದವನ ಹೆಸರಿನ ಚೀಟಿ ಇರಲಿ.

ಆನೆಗೆ ಕಾಯಿದೆ ಇದೆ, ಬೀಟೆಗೆ ಒಪ್ಪಂದ ಇದೆ. ಇವೆರಡನ್ನೂ ಒಂದೇ ಹಲಗೆಯಲ್ಲಿ ಕೂರಿಸಿದವನು ಮಾತ್ರ ಯಾವ ಪಟ್ಟಿಯಲ್ಲೂ ಇಲ್ಲ. ಅಪ್ಪನ ಕೋಣೆಯಲ್ಲಿ ಮಗ ಗರಗಸ ಹಿಡಿಯದೆ ಹೋದ ದಿನ, ಅಳಿವಿನಂಚಿನ ಜೀವಿಗಳ ಲೆಕ್ಕಕ್ಕೆ ಇನ್ನೊಂದು ಸೇರುತ್ತೆ, ಅಷ್ಟೆ.