ಊರು ನೋಡಲು ಹೋದಾಗ ಊರೇ ಹೊತ್ತಿಕೊಂಡರೆ...

ನಾಲ್ಕು ದಿನಕ್ಕಾಗುವಷ್ಟು ದೋಸೆಹಿಟ್ಟು ರುಬ್ಬಿಟ್ಟು, ಸಾರಿನಪುಡಿ ಡಬ್ಬ ಎಲ್ಲಿದೆ ಅಂತ ಅತ್ತೆಗೆ ಮೂರು ಸಲ ತೋರಿಸಿ, ಮಗನಿಗೆ ಹತ್ತು ಸಲ ಬುದ್ಧಿ ಹೇಳಿ, ಗಂಡ-ಹೆಂಡತಿ ಇಬ್ಬರೇ ಊರು ನೋಡಲು ಹೊರಡುವುದೆಂದರೆ ನಮ್ಮ ನಿಮ್ಮಂಥ ಗೃಹಿಣಿಯರಿಗೆ ಸುಲಭವೇ? ಚೀಟಿ ದುಡ್ಡು ಕೂಡಿಟ್ಟು, ಅಂತೂ ಇಂತೂ ಹೊರಟ ಆ ಪ್ರವಾಸದ ನಡುವೆ ಬೀದಿಯಲ್ಲಿ ಗಲಾಟೆ, ಗೋಲಿಬಾರು, ಕರ್ಫ್ಯೂ ಅಂತಾದರೆ?

ನನ್ನ ಗೆಳತಿಯೊಬ್ಬಳ ಅನುಭವ ಹೇಳ್ತೀನಿ ಕೇಳಿ. ಬೆಂಗಳೂರಿನವಳು. ಮದುವೆಯಾಗಿ 19 ವರ್ಷದ ಮೇಲೆ ಮೊದಲ ಬಾರಿಗೆ ಮಗನನ್ನು ಬಿಟ್ಟು ಗಂಡನ ಜೊತೆ ಹೊರಟಿದ್ದು ಕಠ್ಮಂಡುವಿಗೆ. 2025ರ ಸೆಪ್ಟೆಂಬರ್ 6, ಶನಿವಾರ ಹೋಗಿ 9ರ ಮಂಗಳವಾರ ಸಂಜೆ ವಾಪಸ್. 7ರ ರಾತ್ರಿ ಚಂದ್ರಗ್ರಹಣ, ಅದರ ಬೆನ್ನಿಗೇ ಪಿತೃಪಕ್ಷ. "ಪಕ್ಷದಲ್ಲಿ ಯಾರಾದ್ರೂ ಪ್ರವಾಸ ಹೋಗ್ತಾರೇನೇ?" ಅಂದರಂತೆ ಅತ್ತೆ. "ಪಶುಪತಿನಾಥನ ದರ್ಶನಕ್ಕೆ ತಾನೇ ಅತ್ತೆ" ಎಂದು ಇವಳು ಒಪ್ಪಿಸಿಬಿಟ್ಟಳು. ಟಿಕೆಟ್ ಅಗ್ಗಕ್ಕೆ ಸಿಕ್ಕಿತ್ತು ನೋಡಿ!

ಮೊದಲೆರಡು ದಿನ ಹಬ್ಬವೇ ಹಬ್ಬ. ಇಂದ್ರಜಾತ್ರೆಯ ಸಮಯ. ಬಸಂತಪುರದ ಚೌಕದಲ್ಲಿ ಜೀವಂತ ದೇವಿ ಕುಮಾರಿಯ ರಥ, ಗ್ರಹಣಕ್ಕೆ ಮುಂಚೆ ಬೆಳಿಗ್ಗೆಯೇ ಪಶುಪತಿನಾಥನ ದರ್ಶನ, ಥಮೇಲ್‌ನ ಗಲ್ಲಿಗಳಲ್ಲಿ ಪಶ್ಮೀನಾ ಶಾಲಿಗೆ ಚೌಕಾಸಿ. ಒಂದೇ ಕೊರತೆ, ವಾಟ್ಸ್‌ಆಪ್‌ನಲ್ಲಿ ಫೋಟೊ ಕಳಿಸೋಕಾಗ್ತಿರಲಿಲ್ಲ. ಫೇಸ್‌ಬುಕ್, ವಾಟ್ಸ್‌ಆಪ್, ಯೂಟ್ಯೂಬ್ ಸೇರಿ 26 ಜಾಲತಾಣಗಳು ನೋಂದಣಿ ಮಾಡಿಸಿಲ್ಲವೆಂದು ನೇಪಾಳ ಸರಕಾರ 4ನೇ ತಾರೀಕು ಅವನ್ನೆಲ್ಲ ನಿರ್ಬಂಧಿಸಿತ್ತು. "ಒಳ್ಳೇದೇ ಆಯ್ತು, ನಾಲ್ಕು ದಿನವಾದ್ರೂ ನನ್ನ ಮುಖ ನೋಡ್ತೀಯ" ಎಂದು ಗಂಡ ತಮಾಷೆ ಮಾಡಿದರಂತೆ. ಒಂದು ಊರಿನ ಹುಡುಗರ ಫೋನ್ ಕಿತ್ತುಕೊಂಡರೆ ಅವರು ಸುಮ್ಮನಿರ್ತಾರಾ ಅನ್ನೋದು ಇಬ್ಬರಿಗೂ ಹೊಳೆಯಲಿಲ್ಲ. ರಜೆಯಲ್ಲಿ ಪೇಪರ್ ಓದುವವರು ಯಾರು ಹೇಳಿ?

ಆದರೂ ನನ್ನ ಮಾತು ಕೇಳಿ, ಹೊರಡುವ ವಾರ ಆ ಊರಿನ ಸುದ್ದಿಯ ಮೇಲೊಂದು ಕಣ್ಣಿರಲಿ. ಅಲ್ಲಿಗೆ ಹೋದ ಮೇಲೆ ದಿನಾ ಬೆಳಿಗ್ಗೆ ತಿಂಡಿ ಬಡಿಸುವ ಹೋಟೆಲ್ ಹುಡುಗನನ್ನೇ ಕೇಳಿ, "ಇವತ್ತು ಯಾವ ಕಡೆ ಹೋಗಬಾರದಪ್ಪಾ?" ಅಂತ. ಅವನಿಗೆ ಗೊತ್ತಿರುವಷ್ಟು ಯಾವ ಟೀವಿಗೂ ಗೊತ್ತಿರೋದಿಲ್ಲ.

ಯೂನಿಫಾರ್ಮಿನ ಮಕ್ಕಳು

ಸೋಮವಾರ ಬೆಳಿಗ್ಗೆ ಬೌದ್ಧನಾಥ ಸ್ತೂಪ ನೋಡಿ ಥಮೇಲ್‌ಗೆ ಮರಳಿದರು. ಮಧ್ಯಾಹ್ನ ಭಕ್ತಪುರಕ್ಕೆ ಹೋಗಲು ಟ್ಯಾಕ್ಸಿ ಹತ್ತಿದರೆ ಸ್ವಲ್ಪ ದೂರಕ್ಕೇ ಚಾಲಕ ಗಾಡಿ ನಿಲ್ಲಿಸಿದ. ಮುಂದೆ ರಸ್ತೆ ತುಂಬ ಹುಡುಗರು, ಹುಡುಗಿಯರು. ಎಷ್ಟೋ ಮಕ್ಕಳು ಶಾಲೆ-ಕಾಲೇಜಿನ ಯೂನಿಫಾರ್ಮಿನಲ್ಲೇ ಬಂದಿದ್ದರು, ಬೆನ್ನಿಗೆ ಬ್ಯಾಗು. ಮೈತಿಘರ್‌ನಿಂದ ಆಗ ಸಂಸತ್ತಿದ್ದ ನ್ಯೂ ಬಾನೇಶ್ವರದ ಕಡೆ ಹೊರಟ ಮೆರವಣಿಗೆ. ಜಾಲತಾಣದ ನಿರ್ಬಂಧ ಒಂದು ನೆಪವಷ್ಟೇ. ಭ್ರಷ್ಟಾಚಾರ, ಕೆಲಸವಿಲ್ಲದ ಬದುಕು, ರಾಜಕಾರಣಿಗಳ ಮಕ್ಕಳ ಐಷಾರಾಮ, ಎಲ್ಲದರ ಸಿಟ್ಟು ಒಟ್ಟಾಗಿತ್ತು. "ನಮ್ಮ ಪುಟ್ಟನ ವಯಸ್ಸೇ ಅಕ್ಕಾ... ನೀರಿನ ಬಾಟಲಿ ಹಿಡ್ಕೊಂಡು ನಗ್ತಾ ಹೋಗ್ತಿದ್ರು" ಅಂತ ಗೆಳತಿ ಈಗಲೂ ಹೇಳುತ್ತಾಳೆ.

ಅವಳ ಗಂಡ ಇಳಿದು ವಿಡಿಯೊ ಮಾಡಲು ಹೋದರಂತೆ. ಚಾಲಕ ಬೇಡವೆಂದು ಕೈಮುಗಿದು, ಹಿಂದಿನ ಗಲ್ಲಿಯಿಂದ ಹೋಟೆಲ್‌ಗೆ ಮುಟ್ಟಿಸಿದ. ಆ ಪುಣ್ಯಾತ್ಮನ ಹೊಟ್ಟೆ ತಣ್ಣಗಿರಲಿ. ಆ ದಿನದ ಗೋಲಿಬಾರಿನಲ್ಲಿ 19 ಜನ ಸತ್ತರು. ರಾತ್ರಿ ಇಬ್ಬರೂ ಊಟ ಮಾಡಲಿಲ್ಲ. ಇವಳು ಮಗನಿಗೆ ಫೋನ್ ಮಾಡಿ, "ನಾಳೆ ಕಾಲೇಜಿಂದ ನೇರ ಮನೆಗೆ ಬಾ" ಅಂದಳು. "ಅಮ್ಮಾ, ಗಲಾಟೆ ಇರೋದು ನಿಮ್ಮೂರಲ್ಲಿ" ಅಂದನಂತೆ ಅವನು!

"ನಿನ್ನ ಹಠದಿಂದಲೇ"

ಅಂದು ರಾತ್ರಿಯೇ ನಿರ್ಬಂಧ ತೆಗೆದರು. ಆದರೆ ಮಕ್ಕಳು ಸತ್ತ ಮೇಲೆ ಊರು ತಣ್ಣಗಾಗುತ್ತದೆಯೇ? ಮಂಗಳವಾರ ಸಂಸತ್ತು, ಸುಪ್ರೀಂ ಕೋರ್ಟು, ಸರಕಾರಿ ಕಚೇರಿಗಳಿರುವ ಸಿಂಹದರ್ಬಾರ್ ಎಲ್ಲಕ್ಕೂ ಬೆಂಕಿ ಬಿತ್ತು. ಪ್ರಧಾನಿ ಕೆ.ಪಿ. ಶರ್ಮಾ ಓಲಿ ರಾಜೀನಾಮೆ ಕೊಟ್ಟರು. ವಿಮಾನ ನಿಲ್ದಾಣ ಮುಚ್ಚಿತು. ಮಹಡಿ ಮೇಲಿಂದ ನೋಡಿದರೆ ನಾಲ್ಕೂ ದಿಕ್ಕಿಗೆ ಹೊಗೆ.

ಜಗಳ ಶುರುವಾಗಿದ್ದು ಆಗ. "ಐದಾರು ಕಿಲೋಮೀಟರ್ ತಾನೇ, ಬ್ಯಾಗ್ ಬಿಟ್ಟು ನಡ್ಕೊಂಡೇ ಏರ್‌ಪೋರ್ಟಿಗೆ ಹೋಗಿಬಿಡೋಣ" ಎಂದು ಗಂಡ. "ಬಾಗಿಲು ಮುಚ್ಚಿದ ಏರ್‌ಪೋರ್ಟಿಗೆ ಹೋಗಿ ಏನು ಮಾಡ್ತೀರಿ? ನಾನು ಬರಲ್ಲ, ನಿಮ್ಮನ್ನೂ ಬಿಡಲ್ಲ" ಎಂದು ಇವಳು. ಅಷ್ಟರಲ್ಲಿ ಬೆಂಗಳೂರಿನಿಂದ ಅತ್ತೆಯ ಫೋನು: "ನಾನಾಗಲೇ ಹೇಳಿರಲಿಲ್ವಾ?" ಅತ್ತೆ ಅಳುತ್ತಾ ಹೇಳಿದ್ದು, ಪಾಪ. ಆದರೆ ಫೋನಿಟ್ಟ ಗಂಡ ಹೆಂಡತಿಯ ಕಡೆ ತಿರುಗಿ, "ಎಲ್ಲಾ ನಿನ್ನ ಹಠದಿಂದಲೇ" ಅಂದುಬಿಟ್ಟರು. 19 ವರ್ಷದಲ್ಲಿ ಕೇಳದ ಮಾತೇನಲ್ಲ. ಆದರೆ ಹೊರಗೆ ಬೆಂಕಿ, ಒಳಗೆ ಈ ಮಾತು. ಎಲ್ಲಿಗೆ ಎದ್ದು ಹೋಗೋದು? ಅಡುಗೆಮನೆಯೂ ಇಲ್ಲ! ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳಂತೆ.

ಆಮೇಲೆ ಅವಳೇ ಎದ್ದು ಒಂದು ಏರ್ಪಾಡು ಮಾಡಿದಳು. ನೀವೂ ನೆನಪಿಡಿ. ಮನೆಗೆ ಫೋನ್ ಮಾಡುವವರು ಒಬ್ಬರೇ, ದಿನಕ್ಕೆ ಎರಡೇ ಸಲ, ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ. ಅಕ್ಕ, ತಂಗಿ, ಓರಗಿತ್ತಿ ಯಾರಿಗೇ ವಿಷಯ ಬೇಕಿದ್ದರೂ ಮಗನನ್ನು ಕೇಳಬೇಕು. ಫೋನ್ ಚಾರ್ಜೂ ಉಳಿಯಿತು, ಗಂಡನ ಸಿಟ್ಟೂ ಇಳಿಯಿತು. ರಸ್ತೆ ಕಡೆಯ ರೂಮು ಬಿಟ್ಟು ಒಳಗಿನ ರೂಮು ಕೇಳಿ ಪಡೆದರು. ಬಕೆಟ್ಟು, ಬಾಟಲಿಗಳಲ್ಲಿ ನೀರು ತುಂಬಿದರು. ಲೈಂಚೌರ್‌ನಲ್ಲಿರುವ ನಮ್ಮ ರಾಯಭಾರ ಕಚೇರಿಯ ಸಹಾಯವಾಣಿಗೆ ಹೆಸರು, ಹೋಟೆಲ್, ಫೋನ್ ನಂಬರ್ ಕೊಟ್ಟರು. ಅಲ್ಲಿಂದಲೂ ಬಂದ ಉತ್ತರ "ಹೊರಗೆ ಬರಬೇಡಿ" ಎಂದೇ. ಆ ಮಾತನ್ನು ಹೆಂಡತಿ ಹೇಳಿದಾಗಲೇ ಕೇಳಿದ್ದರೆ ಏನು ಗಂಟು ಹೋಗ್ತಿತ್ತು, ಅಲ್ವೇ?

ಗಟ್ಟಿ ಪರೀಕ್ಷೆ ಬಂದಿದ್ದು ಬುಧವಾರ. ಗಂಡನ ಬಿ.ಪಿ. ಮಾತ್ರೆ ನಾಲ್ಕು ದಿನಕ್ಕೆ ಲೆಕ್ಕ ಹಾಕಿ ನಾಲ್ಕೇ ತಂದಿದ್ದರು. ರಾತ್ರಿಯೇ ಸೇನೆ ಬೀದಿಗಿಳಿದಿತ್ತು, ದೇಶಕ್ಕೆಲ್ಲ ಕರ್ಫ್ಯೂ, ಔಷಧಿ ಅಂಗಡಿಗೆ ಹೋಗುವಂತಿಲ್ಲ. ಒಂದು ದಿನ ಮಾತ್ರೆ ತಪ್ಪಿತು. ಗುರುವಾರ ಬೆಳಿಗ್ಗೆ ಸ್ವಲ್ಪ ಹೊತ್ತು ಸಡಿಲಿಸಿದಾಗ ಹೋಟೆಲ್ ಹುಡುಗ ಖಾಲಿ ಸ್ಟ್ರಿಪ್ ಹಿಡಿದು ಓಡಿದ. ಆ ಕಂಪನಿ ಹೆಸರಿನ ಮಾತ್ರೆ ಅಂಗಡಿಯಲ್ಲಿರಲಿಲ್ಲ. ಆದರೆ ಸ್ಟ್ರಿಪ್ ಹಿಂದೆ ಅಚ್ಚಾಗಿದ್ದ ಔಷಧದ ಮೂಲ ಹೆಸರು, ಎಷ್ಟು ಮಿಲಿಗ್ರಾಂ ಅನ್ನೋದನ್ನು ನೋಡಿ ಅದನ್ನೇ ಕೊಟ್ಟರು. ಖಾಲಿ ಸ್ಟ್ರಿಪ್ ಕಸಕ್ಕೆ ಹಾಕದೆ ಪರ್ಸಿನಲ್ಲಿಟ್ಟಿದ್ದು ಇವಳ ಜಿಪುಣ ಬುದ್ಧಿಯಂತೆ! ಬಿ.ಪಿ., ಸಕ್ಕರೆ, ಥೈರಾಯ್ಡ್ ಇರುವವರು ಎಲ್ಲಿಗೇ ಹೋಗಲಿ, ಒಂದು ವಾರದ ಮಾತ್ರೆ ಹೆಚ್ಚಿಗೆ ಇಟ್ಟುಕೊಳ್ಳಿ. ಸೂಟ್‌ಕೇಸಿನಲ್ಲಲ್ಲ, ಕೈಚೀಲದಲ್ಲಿ.

ದುಡ್ಡಿನ ವಿಷಯಾನೂ ಹೇಳಿಬಿಡ್ತೀನಿ. ಆಗ ನೇಪಾಳದಲ್ಲಿ ನಮ್ಮ 100ಕ್ಕಿಂತ ದೊಡ್ಡ ನೋಟಿಗೆ ಮಾನ್ಯತೆ ಇರಲಿಲ್ಲ. ಎ.ಟಿ.ಎಂ. ಮುಚ್ಚಿದರೆ ಕಾರ್ಡು ಬರೀ ಪ್ಲಾಸ್ಟಿಕ್ಕು. ಇವಳ ಹತ್ತಿರ ನೂರರ ನೋಟಿನ ಒಂದು ಕಟ್ಟು ಇತ್ತು, ಅದೇ ಕೈಹಿಡಿಯಿತು. ವಿಮಾನದಲ್ಲಿ ನೇಪಾಳಕ್ಕೆ ಹೋಗಲು ಪಾಸ್‌ಪೋರ್ಟ್ ಇಲ್ಲವೇ ಮತದಾರರ ಚೀಟಿ ಬೇಕು. ಅದರ ಜೆರಾಕ್ಸ್ ಒಂದು ಗಂಡನ ಜೇಬಿನಲ್ಲಿ, ಒಂದು ನಿಮ್ಮ ಬ್ಯಾಗಿನಲ್ಲಿರಲಿ. ಪ್ರವಾಸದ ವಿಮೆ ಮಾಡಿಸುವಾಗ "ಗಲಭೆಯಾದರೆ ಕೊಡ್ತೀರಾ?" ಎಂದು ನೇರವಾಗಿ ಕೇಳಿ. ಎಲ್ಲ ಪಾಲಿಸಿಯೂ ಕೊಡೋದಿಲ್ಲ.

ಇದೆಲ್ಲ ಪರದೇಶದ ಕಥೆ ಅಂದುಕೊಳ್ಳಬೇಡಿ. 2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ತೀರಿಕೊಂಡಾಗ, 2016ರ ಸೆಪ್ಟೆಂಬರ್ 12ರಂದು ಕಾವೇರಿ ಗಲಾಟೆಯಾದಾಗ ಬೆಂಗಳೂರು ನೋಡಲು ಬಂದು ಸಿಕ್ಕಿಕೊಂಡವರು ಎಷ್ಟು ಜನವೋ! ಅವರಲ್ಲಿ ಯಾರಾದರೂ ನಿಮ್ಮ ಮನೆಯಲ್ಲಿ ಉಳಿದಿದ್ದಿರಬಹುದು.

ಬುಧವಾರ ಸಂಜೆ ವಿಮಾನ ನಿಲ್ದಾಣ ತೆರೆಯಿತು, ಗುರುವಾರ ಇವರಿಗೆ ಸೀಟು ಸಿಕ್ಕಿತು. ಶುಕ್ರವಾರ ರಾತ್ರಿ ಸುಶೀಲಾ ಕಾರ್ಕಿ ನೇಪಾಳದ ಮೊದಲ ಮಹಿಳಾ ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದನ್ನು ಗೆಳತಿ ತನ್ನ ಮನೆಯ ಟೀವಿಯಲ್ಲಿ ನೋಡಿದಳು, ಮಗನನ್ನು ಪಕ್ಕದಲ್ಲೇ ಕೂರಿಸಿಕೊಂಡು. ಆ ದಿನಗಳ ಗಲಭೆಯಲ್ಲಿ ಸತ್ತವರು ಒಟ್ಟು 70ಕ್ಕೂ ಹೆಚ್ಚು.

"ನಿನ್ನ ಹಠದಿಂದಲೇ" ಅಂದದ್ದಕ್ಕೆ ಗಂಡ ಇವತ್ತಿನವರೆಗೂ ತಪ್ಪಾಯ್ತು ಅಂದಿಲ್ಲವಂತೆ. ಆದರೆ ಈಗ ಮೈಸೂರಿಗೆ ಹೊರಟರೂ ಹತ್ತು ಮಾತ್ರೆಯ ಪೂರ್ತಿ ಸ್ಟ್ರಿಪ್ ತಂದು ಅವಳ ಕೈಗೆ ಕೊಡುತ್ತಾರೆ. ನೋಡದೆ ಉಳಿದ ಭಕ್ತಪುರಕ್ಕೆ ಇನ್ನೊಮ್ಮೆ ಹೋಗೋಣ ಎಂದು ಅವರೇ ಮಾತು ತೆಗೆದಿದ್ದಾರೆ. ಈ ಸಲ ಪಂಚಾಂಗ ನೋಡುವ ಕೆಲಸ ಅತ್ತೆಯದು.