ಸಂಕ್ಷೇಪಕ್ಕೂ ಪಥ್ಯವುಂಟು

ಹೌರಾದಲ್ಲಿ ನೆಲೆಸಿದ ಕನ್ನಡಿಗರು ಊರಿಗೆ ತಂತಿ ಕಳುಹಿಸುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಮರೆತಿರಲಾರರು. ಪ್ರತಿಯೊಂದು ಪದಕ್ಕೂ ಹಣ ತೆರಬೇಕಾಗಿದ್ದುದರಿಂದ ಮಾತು ತಾನಾಗಿಯೇ ಕಿರಿದಾಗುತ್ತಿತ್ತು. ಶುಭಾಶಯದ ತಂತಿಗಳಿಗಂತೂ ಇಲಾಖೆಯೇ ಸಿದ್ಧವಾಕ್ಯಗಳ ಪಟ್ಟಿಯೊಂದನ್ನು ಮಾಡಿಟ್ಟಿತ್ತು. ಇಲ್ಲಿಂದ ಬರಿಯ ಸಂಖ್ಯೆ ಹೋದರೆ ಸಾಕು, ಅಲ್ಲಿ ಪೂರ್ಣ ವಾಕ್ಯ ಮೂಡುತ್ತಿತ್ತು. ಎರಡೂ ಕಚೇರಿಗಳಲ್ಲಿ ಒಂದೇ ಪಟ್ಟಿಯಿದೆ ಎಂಬ ಗೃಹೀತವೇ ಆ ಸಂಕ್ಷೇಪದ ಪ್ರಾಣವಾಗಿತ್ತು. 2013ರ ಜುಲೈ ತಿಂಗಳಿನಲ್ಲಿ ತಂತಿಸೇವೆ ನಿಂತುಹೋಯಿತು. ಆದರೆ ಅಂತಹುದೇ ಗೃಹೀತಗಳು ಇಂದು ನಾವು ಫೋನಿನಲ್ಲಿ ನೋಡುವ ಜಾಲಪುಟಗಳ ಹಿಂದೆ ಕೆಲಸ ಮಾಡುತ್ತಿವೆ.

ಜಾಲಪುಟಗಳಿಗೆ ಚಲನೆಯನ್ನು ಕೊಡುವ ಭಾಷೆ ಜಾವಾಸ್ಕ್ರಿಪ್ಟ್. ಅದರಲ್ಲಿ ಬರೆದ ಪ್ರೋಗ್ರಾಮನ್ನು ಕಿರಿದುಗೊಳಿಸುವ ಉಪಕರಣವೇ ಮಿನಿಫೈಯರ್. ಇವುಗಳಲ್ಲಿ ಟರ್ಸರ್ ಎಂಬುದು ಬಹಳ ಬಳಕೆಯಲ್ಲಿದೆ. ಬರೆದವರ ಅನುಕೂಲಕ್ಕಾಗಿ ಇದ್ದ ಟಿಪ್ಪಣಿಗಳನ್ನೂ ಬಿಡುಜಾಗಗಳನ್ನೂ ಅದು ತೆಗೆದುಹಾಕುತ್ತದೆ. ಉದ್ದನೆಯ ಒಳಹೆಸರುಗಳನ್ನು ಒಂದೆರಡು ಅಕ್ಷರಗಳಿಗೆ ಇಳಿಸುತ್ತದೆ. ಎಂದೂ ನಡೆಯದ ಭಾಗಗಳನ್ನು ಕತ್ತರಿಸುತ್ತದೆ. ಆಸ್ಪತ್ರೆಯ ಪಡಸಾಲೆಯಲ್ಲಿ ದುರ್ಬಲ ಸಂಪರ್ಕದ ಫೋನು ಹಿಡಿದು ರಕ್ತಪರೀಕ್ಷೆಯ ವರದಿಗಾಗಿ ಕಾಯುವವರಿಗೆ ಈ ಲಾಘವದಿಂದ ನಿಜವಾದ ಉಪಕಾರವಿದೆ.

ಆದರೆ ಮಿತಿ ತಪ್ಪಿದರೆ ಅಪಕಾರವೂ ಉಂಟು. ಔಷಧದ ಪ್ರಮಾಣವನ್ನು ತೋರಿಸುವ ಪುಟವೊಂದನ್ನು ಕಲ್ಪಿಸಿಕೊಳ್ಳೋಣ. ಆಸ್ಪತ್ರೆಯ ಗಣಕದಿಂದ ‘ಪ್ರಮಾಣ’ ಎಂಬ ಹೆಸರಿನಡಿ 250 ಮಿಲಿಗ್ರಾಂ ಎಂಬ ಮಾಹಿತಿ ಬರುತ್ತದೆ. ಮಾಹಿತಿಯೊಳಗಿನ ಇಂತಹ ಹೆಸರುಗಳನ್ನು ಟರ್ಸರ್ ತಾನಾಗಿ ಮುಟ್ಟುವುದಿಲ್ಲ. ಇನ್ನಷ್ಟು ಕಿರಿದಾಗಲೆಂಬ ಆಸೆಯಿಂದ ನಾವೇ ಆ ಆಯ್ಕೆಯನ್ನು ತೆರೆದೆವೆನ್ನಿ; ಆಗ ಪುಟವು ‘ಪ್ರಮಾಣ’ವನ್ನು ಬಿಟ್ಟು ‘ಎ’ ಎಂಬುದನ್ನು ಹುಡುಕತೊಡಗುತ್ತದೆ. ಆಸ್ಪತ್ರೆಯ ಗಣಕಕ್ಕೆ ಈ ಹೊಸ ಹೆಸರು ತಿಳಿಯದು. ಪಟ್ಟಿ ಒಂದೇ ಕಚೇರಿಯಲ್ಲಿ ಬದಲಾಯಿತು. ಅಂಕಿ ಇರಬೇಕಾದಲ್ಲಿ ಅಂಕಿಯಿಲ್ಲ.

2010ರಲ್ಲಿ ಬಂದ ಆಂಗ್ಯುಲರ್‌ಜೆಎಸ್ ಎಂಬ ಚೌಕಟ್ಟಿನಲ್ಲಿಯೂ ಇಂತಹ ತೊಡಕು ಕಂಡಿತು. ಒಂದು ಕಾರ್ಯಕ್ಕೆ ಏನೇನು ಬೇಕೆಂಬುದನ್ನು ಅದು ಆ ಕಾರ್ಯದ ಒಳಹೆಸರುಗಳನ್ನೋದಿ ತಿಳಿಯುತ್ತಿತ್ತು. ಹೆಸರು ಕಿರಿದಾದೊಡನೆ ದಾರಿ ತಪ್ಪುತ್ತಿತ್ತು. ಬೇಕಾದ ಹೆಸರುಗಳನ್ನು ಉದ್ಧರಣ ಚಿಹ್ನೆಯೊಳಗೂ ಬರೆದಿಡುವುದೇ ಅದಕ್ಕೆ ಪರಿಹಾರವಾಯಿತು. ಹಾಗೆಯೇ ‘ಡ್ರಾಪ್ ಕನ್ಸೋಲ್’ ಎಂಬ ಆಯ್ಕೆ ಪರೀಕ್ಷೆಗಾಗಿ ಬರೆದ ಕನ್ಸೋಲ್ ಸಾಲುಗಳನ್ನು ಅಳಿಸುತ್ತದೆ. ಆ ಸಾಲಿನ ಆವರಣದೊಳಗೆ ದಾಖಲೆಯನ್ನು ಉಳಿಸುವ ಕಾರ್ಯವನ್ನು ಸೇರಿಸಿದ್ದರೆ ಅದೂ ಅಳಿದುಹೋಗುತ್ತದೆ. ಅದು ಉಳಿಯಬೇಕಾದರೆ ‘ಪ್ಯೂರ್ ಫಂಕ್ಸ್’ ಎಂಬ ಬೇರೊಂದು ಆಯ್ಕೆಯನ್ನು ಹಿಡಿಯಬೇಕು.

ಆದುದರಿಂದ ಈ ಉದ್ಯೋಗದಲ್ಲಿರುವ ನಮ್ಮ ತರುಣ ತರುಣಿಯರು ಕೆಲವು ಪಥ್ಯಗಳನ್ನು ಪಾಲಿಸುವುದು ಒಳ್ಳೆಯದು. ಮೊದಲು ಉಪಕರಣದ ಸಹಜ ಆಯ್ಕೆಗಳಿಂದಲೇ ಆರಂಭಿಸಬೇಕು. ಟರ್ಸರ್ ತನ್ನ ಗೃಹೀತಗಳನ್ನು ಕೈಪಿಡಿಯಲ್ಲಿ ಬರೆದೇ ಇಟ್ಟಿದೆ. ಅವು ತಮ್ಮ ಬರವಣಿಗೆಗೆ ಒಪ್ಪುತ್ತವೆಯೇ ಎಂದು ನೋಡಬೇಕು. ‘ಅನ್‌ಸೇಫ್’ ಎಂದು ಆರಂಭವಾಗುವ ಆಯ್ಕೆಗಳನ್ನು ಹೆಸರು ನೋಡಿಯೇ ದೂರವಿಡಬೇಕು. ಹೊಸ ಆಯ್ಕೆಗಳನ್ನು ಒಂದೊಂದಾಗಿ ಸೇರಿಸಬೇಕು. ಹಲವು ಔಷಧಗಳನ್ನು ಒಮ್ಮೆಗೇ ಕೊಟ್ಟರೆ ಯಾವುದು ಒಗ್ಗಲಿಲ್ಲವೆಂದು ತಿಳಿಯುವುದೆಂತು? ಪರೀಕ್ಷೆಯನ್ನು ಮೂಲಪ್ರತಿಯ ಮೇಲಲ್ಲದೆ, ಜನರಿಗೆ ತಲಪುವ ಕಿರಿದಾದ ಪ್ರತಿಯ ಮೇಲೆಯೂ ನಡೆಸಬೇಕು. ದೋಷ ತೋರಿದಾಗ ಮೂಲದ ಸಾಲನ್ನು ಹುಡುಕಿಕೊಡುವ ‘ಸೋರ್ಸ್ ಮ್ಯಾಪ್’ ಕಡತವನ್ನು ಜೋಪಾನವಾಗಿರಿಸಬೇಕು.

ತೂಕವನ್ನು ಇಳಿಸಿಕೊಳ್ಳುವವರು ಕೊಬ್ಬು ಕರಗಿತೋ ಬಲವೇ ಕುಂದಿತೋ ಎಂದು ವಿಚಾರಿಸಿಕೊಳ್ಳುತ್ತಾರೆ. ಕಡತದ ಗಾತ್ರವನ್ನು ಇಳಿಸುವವರೂ ಅಷ್ಟೇ ಎಚ್ಚರದಿಂದಿರಲಿ. ಪುಟ ಒಂದು ಕ್ಷಣ ತಡವಾಗಿ ತೆರೆದರೂ ರೋಗಿ ಸಹಿಸಿಯಾನು. ಅದರಲ್ಲಿ ಔಷಧದ ಪ್ರಮಾಣವೇ ಕಾಣದಿದ್ದರೆ ಅವನ ಗತಿಯೇನು?